ಬಾವಿ ನೋಡಿ ಹಗ್ಗ, ಮೇಜು ನೋಡಿ ಕೇಬಲ್ಲು

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕಾರಣ ಕೇಳಬೇಡಿ, ಸೋಮಾರಿತನ ಅಷ್ಟೇ :) ಮೊನ್ನೆ ಊರಿಗೆ ಹೋದಾಗ ಅಟ್ಟ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ಟ್ರಂಕಿನಲ್ಲಿ ಒಂದು ಕ್ರಿಂಪಿಂಗ್ ಟೂಲು, ಒಂದು ಡಬ್ಬಿ ಆರ್‌ಜೆ-45 ಕನೆಕ್ಟರು, ಜೊತೆಗೆ ಒಂದೂವರೆ ಮೊಳ ಉದ್ದದ ಬೂದು ಬಣ್ಣದ ಕೇಬಲ್ ತುಂಡು ಸಿಕ್ಕವು. ಆ ತುಂಡು ನೋಡಿದ ಕೂಡಲೇ ನಗು ಬಂತು, ಸ್ವಲ್ಪ ನಾಚಿಕೆಯೂ ಆಯ್ತು. ಅದರ ಕಥೆ ಹೇಳೋಣ ಅಂತ ಕೂತೆ. ಬರೀತಾ ಬರೀತಾ ಕಥೆ ಹೋಗಿ ಚರಿತ್ರೆ ಆಯ್ತು. ಓದಿಕೊಳ್ಳಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕೂ ಸೇರಿ ಮಧುಗಿರಿ ಉಪವಿಭಾಗ. ಕಾಲೇಜು ಮುಗಿಸಿ ಕೆಲಸ ಸಿಗದೆ ಅಲೆಯುತ್ತಿದ್ದಾಗ ಒಬ್ಬ ಗುತ್ತಿಗೆದಾರರ ಕೈಕೆಳಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕಂಪ್ಯೂಟರಿಗೆ ತಂತಿ ಎಳೆಯುವ ಕೆಲಸ ಮಾಡಿದ್ದೆ. ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿ, ಸೈಬರ್ ಕೆಫೆ... ಎಲ್ಲಿ ಕರೆದರೆ ಅಲ್ಲಿಗೆ. ಬೆಳಗ್ಗೆ ಬಸ್ಸಿನ ಟಾಪಿನ ಮೇಲೆ 305 ಮೀಟರಿನ ಕೇಬಲ್ ಪೆಟ್ಟಿಗೆ, ಒಳಗೆ ನಾನು. 305 ಯಾಕೆ ಅಂದರೆ ಅದು ಸಾವಿರ ಅಡಿ. ಅಮೆರಿಕದವರು ಅಡಿಯಲ್ಲಿ ಸುತ್ತಿ ಕಳಿಸಿದ್ದನ್ನು ನಾವು ಮೀಟರಿನಲ್ಲಿ ಕೊಂಡು, ಮೊಳದಲ್ಲಿ ಅಳೆದು ಕತ್ತರಿಸುತ್ತಿದ್ದೆವು.

ಆಗ ಭೂಮಿ ಯೋಜನೆಯ ಕಾಲ. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಪಹಣಿ ಅನ್ನುವುದು ಆಗ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು, ಅವರ ಬಳಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು. ಅವರು ಸಿಕ್ಕಿದಾಗ ಪಹಣಿ, ಅವರಿಗೆ ಮನಸ್ಸು ಬಂದಾಗ ಖಾತೆ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿ, 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಕಿಟಕಿ ತೆರೆದರು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ತಾಲ್ಲೂಕು ಆನ್‌ಲೈನ್ ಆದ ಮೇಲೆ ಕೈಬರಹದ ಪಹಣಿಗೆ ಬೆಲೆಯಿಲ್ಲ. ಬ್ಯಾಂಕಿನ ಸಾಲ, ಕೋರ್ಟಿನ ಜಾಮೀನು, ಅಣ್ಣತಮ್ಮಂದಿರ ಭಾಗ, ಎಲ್ಲಕ್ಕೂ ಆ ಕಿಟಕಿಯಿಂದ ಬಂದ ಹಾಳೆಯೇ ಬೇಕು. ಈ ವ್ಯವಸ್ಥೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿ ಇತ್ತು. ಕಿಟಕಿಯಲ್ಲಿ ಇನ್ನೊಂದು ಮಾನಿಟರು ರೈತನ ಕಡೆಗೆ ಮುಖ ಮಾಡಿ ಇರುತ್ತಿತ್ತು. ಒಳಗಿನವರು ಏನು ಟೈಪು ಮಾಡುತ್ತಿದ್ದಾರೆ ಅನ್ನುವುದು ಹೊರಗಿನವರಿಗೂ ಕಾಣಲಿ ಅಂತ.

ನನ್ನ ಎಡವಟ್ಟಿನ ಜಾಗವೂ ಅದೇ. ನಾಲ್ಕರಲ್ಲಿ ಯಾವ ತಾಲ್ಲೂಕು, ಯಾವ ಕಚೇರಿ ಅನ್ನುವುದು ಬೇಡ. ತಪ್ಪು ಕಚೇರಿಯದಲ್ಲ, ನನ್ನದು. ಪೆಟ್ಟಿಗೆಯಲ್ಲಿ ಕೇಬಲ್ ಮುಗಿಯುತ್ತಾ ಬಂದಿತ್ತು. ಗೋಡೆಯ ಪೆಟ್ಟಿಗೆಯಿಂದ ಕಂಪ್ಯೂಟರಿನ ಬೆನ್ನಿಗೆ ಒಂದೂವರೆ ಮೊಳ ಸಾಕು ಅನ್ನಿಸಿತು. ಸರಿಯಾಗಿ ಒಂದೂವರೆ ಮೊಳವೇ ಕತ್ತರಿಸಿ, ಎರಡೂ ತುದಿ ಒತ್ತಿ, ಹಾಕಿ ಬಂದೆ. ಟೆಸ್ಟರಿನಲ್ಲಿ ಎಂಟೂ ದೀಪ ಹತ್ತಿದವು. ನಾನೇನು ಕಮ್ಮಿ ಅಂತ ಬೀಗಿದೆ. ಹತ್ತು ದಿನ ಕಳೆದ ಮೇಲೆ ಮಾನಿಟರ್ ಹೊರಗಿನವರಿಗೆ ಸರಿಯಾಗಿ ಕಾಣಲಿ ಅಂತ ಒಳಗಿನವರು ಮೇಜನ್ನು ಒಂದು ಗೇಣು ಸರಿಸಿದರು. ಒಂದೇ ಗೇಣು! ನನ್ನ ಕೇಬಲ್ಲು ಬಿಲ್ಲಿನ ಹೆದೆ ಥರ ಬಿಗಿಯಾಯ್ತು. ಎರಡು ದಿನ ಹಾಗೇ ಎಳೆದುಕೊಂಡಿತ್ತು, ಮೂರನೇ ದಿನ ಪ್ಲಗ್ಗಿನೊಳಗೆ ಒಂದು ತಂತಿ ತುಂಡಾಯಿತು. ಅದು ಪೂರ್ತಿ ಸತ್ತಿದ್ದರೂ ಚೆನ್ನಾಗಿತ್ತು. ಒಮ್ಮೆ ಬರುತ್ತೆ, ಒಮ್ಮೆ ಹೋಗುತ್ತೆ. ಹೊರಗೆ ಸರದಿ ಸಾಲು ಮೆಟ್ಟಿಲು ದಾಟಿತ್ತು.

ನನ್ನನ್ನು ಕರೆಸಿದರು. ಹೋದೆ. ಕೈಯಲ್ಲಿ ಕೇಬಲ್ ಇಲ್ಲ. ಪಕ್ಕದ ತಾಲ್ಲೂಕಿನಿಂದ ಬಸ್ ಕಂಡಕ್ಟರ್ ಕೈಲಿ ತರಿಸಬೇಕು, ಬಸ್ಸು ಬರಲು ಎರಡು ಗಂಟೆ. ಸಾಲಿನಲ್ಲಿ ಮುಂದೆ ನಿಂತಿದ್ದ ಅಜ್ಜನೊಬ್ಬ ಕಿಟಕಿಯಲ್ಲಿ ಇಣುಕಿ ಕೇಳಿದ.

"ಏನಪ್ಪಾ ಆಗೈತೆ?"

"ತಂತಿ ಗಿಡ್ಡ ಆಗೋಯ್ತು ತಾತ. ಬೇರೆ ಬರ್ತಾ ಐತೆ."

"ಬಾವಿ ಆಳ ನೋಡಿ ಹಗ್ಗ ತರ್ಬೇಕು ಕಣಪ್ಪ. ಮನೇಲಿ ಎಷ್ಟು ಮಿಕ್ಕೈತೆ ಅಂತ ನೋಡಿ ಅಲ್ಲ."

ಸಾಲಿನವರೆಲ್ಲ ನಕ್ಕರು. ಆದರೆ ಅಜ್ಜ ನಗಲಿಲ್ಲ. ಅವತ್ತು ಸಂಜೆಯೊಳಗೆ ಸೊಸೈಟಿಗೆ ಪಹಣಿ ಕೊಡದಿದ್ದರೆ ಬೆಳೆಸಾಲದ ಪಟ್ಟಿಯಿಂದ ಅವನ ಹೆಸರು ಬಿಟ್ಟು ಹೋಗುತ್ತಿತ್ತು. ಬಸ್ಸು ಬಂತು, ಕೇಬಲ್ ಬಂತು, ಪಹಣಿಯೂ ಬಂತು. ಆದರೆ ಅವನ ಊರಿನ ಕಡೆಯ ಬಸ್ಸು ಹೊರಟು ಹೋಗಿತ್ತು. ಸೊಸೈಟಿ ಬಾಗಿಲು ಹಾಕುವುದರೊಳಗೆ ಅವನು ಮುಟ್ಟಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಉಳಿಸಿದ್ದು ಒಂದು ಮಾರು ಕೇಬಲ್ಲು, ದುಡ್ಡಿನ ಲೆಕ್ಕದಲ್ಲಿ ಒಂದೆರಡು ಟೀ.

ಅಜ್ಜನ ಮಾತು ತಮಾಷೆಯದ್ದಲ್ಲ ಅಂತ ತಿಳಿಯೋಕೆ ನನಗೆ ಸಮಯ ಹಿಡಿಯಿತು. ನಮ್ಮ ಸೀಮೆಯಲ್ಲಿ ಹಗ್ಗದ ಉದ್ದ ಅನ್ನುವುದು ಹೊಟ್ಟೆಯ ಪ್ರಶ್ನೆ. ಬೋರ್‌ವೆಲ್ಲು, ಪಂಪ್‌ಸೆಟ್ಟು ಬರುವ ಮುಂಚೆ ಕಪಿಲೆ ಬಾವಿಗಳಿದ್ದವು. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಾ ಚರ್ಮದ ಚೀಲವನ್ನು ಮೇಲಕ್ಕೆ ಎಳೆಯುವ ವ್ಯವಸ್ಥೆ. ಅದಕ್ಕೆ ಎರಡು ಹಗ್ಗ. ಚೀಲದ ಬಾಯಿಗೆ ದಪ್ಪನೆಯ ಮಿಣಿ, ಕೆಳಗಿನ ಸೊಂಡಿಲಿಗೆ ತೆಳು ಹಗ್ಗ. ಚೀಲ ಮೇಲೆ ಬರುವಾಗ ಸೊಂಡಿಲು ಮಡಚಿಕೊಂಡಿದ್ದು ನೀರು ಹಿಡಿದಿಟ್ಟು, ತೊಟ್ಟಿಯ ಹತ್ತಿರ ಬಂದಾಗ ತಾನಾಗಿ ಬಿಚ್ಚಿಕೊಂಡು ನೀರು ಸುರಿಯಬೇಕು. ಎರಡು ಹಗ್ಗಗಳ ಉದ್ದ ಒಂದಕ್ಕೊಂದು ಕೂಡಿದ್ದರೆ ಮಾತ್ರ ಅದು ಸಾಧ್ಯ. ತೆಳು ಹಗ್ಗ ಉದ್ದವಾದರೆ ನೀರು ದಾರಿಯಲ್ಲೇ ಬಾವಿಗೆ ವಾಪಸ್ಸು. ಗಿಡ್ಡವಾದರೆ ಚೀಲ ತುಂಬುವುದೇ ಇಲ್ಲ. ಎತ್ತು ಇಳಿಯುವ ದಾರಿಯ ಉದ್ದವನ್ನೂ ನೀರಿನ ಆಳ ನೋಡಿಯೇ ಮಾಡಬೇಕು. ಇದನ್ನೆಲ್ಲ ಯಾವ ಐಎಸ್‌ಒ ಪುಸ್ತಕವನ್ನೂ ಓದದೆ ನಮ್ಮ ಮುತ್ತಾತಂದಿರು ಮಾಡುತ್ತಿದ್ದರು.

ಸರಿ, ನಮ್ಮ ತಂತಿಗೆ ಬರೋಣ. ಪ್ಯಾಚ್ ಅಂದರೆ ತೇಪೆ. ಪ್ಯಾಚ್ ಕೇಬಲ್ ಅನ್ನುವುದನ್ನು ತೇಪೆ ಹಗ್ಗ ಅಂತ ಕರೆಯಬಹುದೇನೋ... ಬೇಡ ಬಿಡಿ. ಇದರ ಅಜ್ಜಿ ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚ್‌ಬೋರ್ಡು. ಟ್ರಂಕ್ ಕಾಲ್ ಬುಕ್ ಮಾಡಿ ಕಾದವರಿಗೆ ನೆನಪಿರಬಹುದು, ಆಪರೇಟರು ಒಂದು ತೂತಿನಿಂದ ಇನ್ನೊಂದು ತೂತಿಗೆ ಹಗ್ಗ ಚುಚ್ಚಿ ಎರಡು ಊರುಗಳನ್ನು ಮಾತಾಡಿಸುತ್ತಿದ್ದರು. ಆ ಹಗ್ಗದ ಉದ್ದದ ಸಮಸ್ಯೆಯನ್ನು ಅವರು ಬಗೆಹರಿಸಿದ ರೀತಿ ನನಗೆ ಬಹಳ ಇಷ್ಟ. ಹತ್ತಿರದ ತೂತಿಗೂ ದೂರದ ತೂತಿಗೂ ಒಂದೇ ಹಗ್ಗ ಆಗಬೇಕು. ಹಾಗಾಗಿ ಹಗ್ಗವನ್ನು ಉದ್ದವಾಗಿಯೇ ಮಾಡಿ, ಬೋರ್ಡಿನ ಕೆಳಗೆ ಅದಕ್ಕೊಂದು ರಾಟೆ ಮತ್ತು ತೂಕದ ಗುಂಡು ನೇತುಹಾಕಿದರು. ಬೇಕಾದಷ್ಟು ಎಳೆದುಕೊಳ್ಳಿ, ಬಿಟ್ಟರೆ ಮಿಕ್ಕಿದ್ದು ತಾನೇ ಕೆಳಗಿಳಿದು ಹೋಗುತ್ತೆ. ಬಾವಿಯ ರಾಟೆಯೇ ಅಲ್ಲವೇ ಇದು? ಎಕ್ಸ್‌ಚೇಂಜುಗಳು ತಾವೇ ನಂಬರು ಜೋಡಿಸುವುದನ್ನು ಕಲಿತ ಮೇಲೆ ಆ ಹಗ್ಗಗಳು ಹೋದವು. ನಮ್ಮ ದೇಶದ ಹಳ್ಳಿಗಳಿಗೆ ಅಂತಲೇ ಸಿ-ಡಾಟ್ ಮಾಡಿದ 128 ಲೈನಿನ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೂತಿದ್ದು ನಮ್ಮ ಕಿತ್ತೂರಿನಲ್ಲಿ ಅನ್ನುವುದು ಇಲ್ಲೇ ಹೇಳಿಬಿಡಬೇಕಾದ ಮಾತು.

ರಾಟೆ ಹೋಯಿತು, ಆದರೆ ಹಗ್ಗ ಎಷ್ಟುದ್ದ ಅನ್ನುವ ಪ್ರಶ್ನೆ ಕಂಪ್ಯೂಟರಿಗೆ ದಾಟಿಕೊಂಡಿತು. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಈಥರ್ನೆಟ್ ಹುಟ್ಟಿತು. ಹತ್ತು ವರ್ಷದ ನಂತರ ಅದಕ್ಕೆ ನಿಯಮದ ಪುಸ್ತಕ ಬಂದಾಗ ಅದರಲ್ಲಿ ಇದ್ದದ್ದು ಹೆಬ್ಬೆರಳು ಗಾತ್ರದ ಹಳದಿ ಕೇಬಲ್ಲು. ಒಂದು ತುಂಡು 500 ಮೀಟರಿಗಿಂತ ಹೆಚ್ಚಿರಬಾರದು. ಅದರ ಮೇಲೆ ಪ್ರತಿ 2.5 ಮೀಟರಿಗೆ ಒಂದು ಗುರುತು, ಕಂಪ್ಯೂಟರನ್ನು ಕಚ್ಚಿಸುವುದು ಗುರುತಿನ ಮೇಲೆ ಮಾತ್ರ. ಕಚ್ಚಿಸಿದ ಕಡೆಯೆಲ್ಲ ಸಿಗ್ನಲ್ಲಿನ ಒಂದು ಸಣ್ಣ ಪ್ರತಿಧ್ವನಿ ಏಳುತ್ತೆ, ಆ ಪ್ರತಿಧ್ವನಿಗಳೆಲ್ಲ ಒಟ್ಟಿಗೆ ಸೇರಿ ಗಲಾಟೆ ಎಬ್ಬಿಸಬಾರದು ಅಂತ ಈ ಅಂತರ. ತುಂಡು ತುಂಡು ಜೋಡಿಸುವುದಾದರೆ 23.4, 70.2, 117 ಮೀಟರಿನ ತುಂಡುಗಳನ್ನೇ ಬಳಸಿ ಅಂತಲೂ ಹೇಳಿದ್ದರು. ಪಂಚಾಂಗದ ಲೆಕ್ಕ ಇದ್ದ ಹಾಗಿದೆ ಅಲ್ಲವೇ? 23.4ರ ಒಂದರಷ್ಟು, ಮೂರರಷ್ಟು, ಐದರಷ್ಟು. ಕಾರಣ ಮತ್ತೆ ಅದೇ ಪ್ರತಿಧ್ವನಿ.

ಇನ್ನೊಂದು ವಿಷಯ. ಆಗಿನ ಈಥರ್ನೆಟ್ಟಿನಲ್ಲಿ ಎಲ್ಲರೂ ಒಂದೇ ತಂತಿಯಲ್ಲಿ ಮಾತಾಡಬೇಕು. ಇಬ್ಬರು ಒಟ್ಟಿಗೆ ಬಾಯಿ ಹಾಕಿದರೆ ಢಿಕ್ಕಿ. ಢಿಕ್ಕಿ ಆಯಿತು ಅನ್ನುವ ಸುದ್ದಿ ಮಾತು ಮುಗಿಯುವುದರೊಳಗೆ ವಾಪಸ್ಸು ತಲುಪಬೇಕು. ಜಾಲ ಒಟ್ಟು 2,500 ಮೀಟರ್ ಹರಡಿದರೂ ಹಾಗಾಗಬೇಕು ಅಂತ ಲೆಕ್ಕ ಹಾಕಿ, ಅತಿ ಚಿಕ್ಕ ಮಾತು 64 ಬೈಟು ಇರಲೇಬೇಕು, ಅಂದರೆ 51.2 ಮೈಕ್ರೋಸೆಕೆಂಡು, ಅಂತ ಇಟ್ಟರು. ಹಳದಿ ತಂತಿ ಎಂದೋ ಮ್ಯೂಸಿಯಂ ಸೇರಿತು. ಆ 64 ಬೈಟಿನ ಕನಿಷ್ಠ ಮಾತ್ರ ಇವತ್ತಿನ ಈಥರ್ನೆಟ್ಟಿನಲ್ಲೂ ಕೂತಿದೆ.

ಹಳದಿ ಕೇಬಲ್ ನಮ್ಮ ಊರುಗಳಲ್ಲಿ ನಾನು ಕಂಡಿಲ್ಲ. ಕಂಡಿದ್ದು ಅದರ ತಮ್ಮನನ್ನು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸಿಗೆ ಸೇರಿದ ಜಾಗದಲ್ಲಿ ಟಿವಿ ಕೇಬಲ್ಲಿನ ಥರದ ಕಪ್ಪು ತಂತಿ, ಪ್ರತಿ ಕಂಪ್ಯೂಟರಿನ ಬೆನ್ನಲ್ಲೂ ಟಿ ಆಕಾರದ ಒಂದು ಕೊಂಡಿ, ಎರಡೂ ಕೊನೆಯಲ್ಲಿ 50 ಓಮಿನ ಬಿರಡೆ. ಇದರ ಹೆಸರು 10ಬೇಸ್2. ಎರಡು ಅಂದರೆ ಇನ್ನೂರು ಮೀಟರು ಅಂತ ಅಂದುಕೊಂಡರೆ ಕೆಟ್ಟಿರಿ, ನಿಜವಾದ ಮಿತಿ 185! ಎರಡು ಕೊಂಡಿಗಳ ನಡುವೆ ಅರ್ಧ ಮೀಟರಾದರೂ ಇರಬೇಕು ಅನ್ನುವ ನಿಯಮವೂ ಇತ್ತು. ನಮ್ಮ ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ. ಅಕ್ಕಪಕ್ಕದ ಎರಡು ಯಂತ್ರಗಳ ನಡುವೆ ಒಂದು ಅಡಿ ತುಂಡು ಹಾಕಿದ್ದರು, ನೋಡಲು ಲಕ್ಷಣವಾಗಿರಲಿ ಅಂತ. ಯಾರಾದರೂ ಕಾಲು ಚಾಚಿ ಒಂದು ಕೊಂಡಿ ಸಡಿಲಿಸಿದರೆ ಹದಿನಾರೂ ಯಂತ್ರ ಒಟ್ಟಿಗೆ ಮಲಗುತ್ತಿದ್ದವು. ಪರೀಕ್ಷೆ ದಿನ ಕಾಲು ಚಾಚುವವರು ಜಾಸ್ತಿ ಇರುತ್ತಿದ್ದರು ಅನ್ನುವುದು ಬೇರೆ ಮಾತು :)

1990ರಲ್ಲಿ 10ಬೇಸ್‌-ಟಿ ಬಂತು. ಟಿ ಅಂದರೆ ಹೊಸೆದ ಜೋಡಿ ತಂತಿ. ಕಟ್ಟಡಗಳಲ್ಲಿ ಮೊದಲೇ ಇದ್ದ ಟೆಲಿಫೋನ್ ತಂತಿಯ ಜಾಡಿನಲ್ಲೇ ಕಂಪ್ಯೂಟರನ್ನೂ ಕೂರಿಸಬೇಕು ಅನ್ನುವುದು ಅದರ ಹಿಂದಿನ ಯೋಚನೆ. ಇಲ್ಲಿಂದ 100 ಮೀಟರ್ ಅನ್ನುವ ಅಂಕಿ ಗಟ್ಟಿಯಾಯಿತು. ಮರುವರ್ಷ, 1991ರಲ್ಲಿ, ಅಮೆರಿಕದ ಟಿಐಎ ಸಂಸ್ಥೆ 568 ಅನ್ನುವ ಕೇಬಲ್ ನಿಯಮ ಹೊರಡಿಸಿತು. ನನ್ನ ಪ್ರಕಾರ ಇಡೀ ಚರಿತ್ರೆಯಲ್ಲಿ ಜಾಣತನದ ಕೆಲಸ ಇದು. ಅವರು 100 ಮೀಟರನ್ನು ಪೂರ್ತಿ ಗೋಡೆಗೆ ಕೊಡಲಿಲ್ಲ. 90 ಮೀಟರ್ ಗೋಡೆಯೊಳಗಿನ, ಅಲುಗಾಡದ ತಂತಿಗೆ. ಮಿಕ್ಕ 10 ಮೀಟರ್ ಎರಡೂ ತುದಿಯ ಪ್ಯಾಚ್ ಕೇಬಲ್ಲುಗಳಿಗೆ. ಅಂದರೆ ಮೇಜು ಸರಿಸುವವನಿಗೆ, ಕಸ ಗುಡಿಸುವವಳಿಗೆ, ಹೊಸ ಸಾಹೇಬರು ಬಂದು ಕುರ್ಚಿಯ ದಿಕ್ಕು ಬದಲಿಸುವುದಕ್ಕೆ! ಮೊದಮೊದಲು ಮೇಜಿನ ಬಳಿ 3 ಮೀಟರ್ ಸಾಕು ಅಂದಿದ್ದರು, 2001ರ ಪರಿಷ್ಕರಣೆಯಲ್ಲಿ 5 ಆಯಿತು. ನಾನು ಒಂದೂವರೆ ಮೊಳ ಕತ್ತರಿಸುವ ಹೊತ್ತಿಗೆ ನನ್ನ ಪಾಲಿಗೆ 5 ಮೀಟರ್ ಬರೆದಿಟ್ಟು ವರ್ಷಗಳಾಗಿದ್ದವು. ಓದಿದ್ದವರು ಯಾರು?

ನನ್ನ ತುಂಡಿನಲ್ಲಿ ಇನ್ನೂ ಒಂದು ತಪ್ಪಿತ್ತು. ಪೆಟ್ಟಿಗೆಯಲ್ಲಿ ಬರುವುದು ಗೋಡೆಗೆ ಮಾಡಿದ ಕೇಬಲ್ಲು, ಒಳಗೆ ಗಟ್ಟಿ ಒಂಟಿ ತಂತಿ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತೆ. ನಿಜವಾದ ಪ್ಯಾಚ್ ಕೇಬಲ್ಲಿನಲ್ಲಿ ಸಣ್ಣ ಸಣ್ಣ ಎಳೆಗಳನ್ನು ಹೊಸೆದ ತಂತಿ ಇರುತ್ತೆ, ಹಗ್ಗದ ಹಾಗೆ ಬಳುಕುತ್ತೆ. ಬಳುಕುವುದಕ್ಕೂ ಬೆಲೆ ಇದೆ. ಎಳೆ ತಂತಿಯಲ್ಲಿ ಸಿಗ್ನಲ್ ಬಡವಾಗುವುದು ಶೇ. 20ರವರೆಗೆ ಜಾಸ್ತಿ ಇರಬಹುದು ಅಂತ ಆ ನಿಯಮದಲ್ಲೇ ಒಪ್ಪಿಕೊಂಡಿದ್ದಾರೆ. ಅದಕ್ಕೇ ಪ್ಯಾಚ್ ಕೇಬಲ್ಲನ್ನು ಎಷ್ಟು ಬೇಕಾದರೂ ಉದ್ದ ಮಾಡುವ ಹಾಗಿಲ್ಲ. ಗೋಡೆಯದ್ದು ಗೋಡೆಗೆ, ಮೇಜಿನದ್ದು ಮೇಜಿಗೆ.

ಪಾವಗಡದ ಕಡೆ ಕೆಲಸ ಮಾಡುವಾಗ ಇನ್ನೊಂದು ಶತ್ರು, ಬಿಸಿಲು. ಶೀಟಿನ ಛಾವಣಿಯ ಕೆಳಗೆ ಏಪ್ರಿಲಿನಲ್ಲಿ ಕೇಬಲ್ ಮುಟ್ಟಿ ನೋಡಿ. ತಾಮ್ರ ಕಾದರೆ ಸಿಗ್ನಲ್ ಇನ್ನಷ್ಟು ಸೊರಗುತ್ತೆ. 20 ಡಿಗ್ರಿಯಿಂದ 40 ಡಿಗ್ರಿವರೆಗೆ ಪ್ರತಿ ಡಿಗ್ರಿಗೆ ಶೇ. 0.4ರಷ್ಟು ಅಂತ ಲೆಕ್ಕ. ಅಂದರೆ 40 ಡಿಗ್ರಿಯಲ್ಲಿ ಶೇ. 8 ನಷ್ಟ, 90 ಮೀಟರ್ ಅಂದದ್ದು ಹೆಚ್ಚು ಕಡಿಮೆ 83 ಆಗುತ್ತೆ. ಬಿಸಿಲಿಗೆ ಅಳತೆ ಹಿಗ್ಗುವ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಏಳು ಮೈಲಿಗಿಂತ ಉದ್ದದ ಗೆರೆಯನ್ನು ಸರಪಳಿ ಹಾಕಿ ಅಳೆದ. ಸರಪಳಿ 100 ಅಡಿ, ಎರಡೂವರೆ ಅಡಿಯ 40 ಕೊಂಡಿಗಳು. ಅದನ್ನು ಪೆಟ್ಟಿಗೆಗಳೊಳಗೆ ಮಲಗಿಸಿ, ಜೊತೆಗೆ ಥರ್ಮಾಮೀಟರ್ ಇಟ್ಟು, ಬಿಸಿಲಿಗೆ ಉಕ್ಕು ಎಷ್ಟು ಹಿಗ್ಗಿತು ಅಂತ ತಿದ್ದಿ ತಿದ್ದಿ ಬರೆದುಕೊಂಡ. ಆಮೇಲೆ ಅವನ ಮಹಾ ಅಳತೆ ಉತ್ತರಕ್ಕೆ ಹೊರಟಾಗ ನಕ್ಷತ್ರ ನೋಡಿ ಅಕ್ಷಾಂಶ ಹಿಡಿದ ನಿಲ್ದಾಣಗಳಲ್ಲಿ ನಮ್ಮ ಪಾವಗಡವೂ ಒಂದು. ಅವನ ಬರಹದಲ್ಲಿ ಅದು 'ಪೌಘರ್' ಆಗಿದೆ, ಪಾಪ. ಅಳತೆ ಅನ್ನುವುದು ಜಾಗ ನೋಡಿ, ಹವೆ ನೋಡಿ ಮಾಡುವ ಕೆಲಸ ಅಂತ ಆತನಿಗೆ ಗೊತ್ತಿತ್ತು. ಇನ್ನೂರು ಚಿಲ್ಲರೆ ವರ್ಷ ಕಳೆದ ಮೇಲೆ ಅದೇ ಊರಿನ ಬಿಸಿಲಿನಲ್ಲಿ ನಾನು ಕಣ್ಣಳತೆಯಲ್ಲಿ ಕತ್ತರಿಸುತ್ತಿದ್ದೆ.

ಅಜ್ಜನಿಂದ ಬೈಸಿಕೊಂಡ ಮೇಲೆ ನಾನು ಬದಲಾದೆ. ಬದಲಾಗಿ ಇನ್ನೊಂದು ತಪ್ಪು ಶುರು ಮಾಡಿದೆ. ಎಲ್ಲಿ ನೋಡಿದರೂ 5 ಮೀಟರ್! ಮೇಜಿನ ಕೆಳಗೆ ಹಾವಿನ ಹುತ್ತ. ಇದರಿಂದ ವೇಗ ಕಮ್ಮಿ ಆಗುತ್ತಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಸಿಗ್ನಲ್ಲಿಗೆ ಒಂದು ಮೀಟರ್ ದಾಟಲು ಸುಮಾರು 5 ನ್ಯಾನೋಸೆಕೆಂಡು, ಅಷ್ಟರಲ್ಲಿ ಪಹಣಿ ತಡವಾಗಲ್ಲ. ತೊಂದರೆ ಕೊಡುವುದು ಸುರುಳಿ. ಕಾಲಿಗೆ ಸಿಗುತ್ತೆ, ಕುರ್ಚಿಯ ಗಾಲಿ ಹತ್ತುತ್ತೆ, ಇಲಿಗೆ ಹಾಸಿಗೆಯಾಗುತ್ತೆ. ಇಪ್ಪತ್ತು ಕೇಬಲ್ಲಿನ ಗಂಟಿನಲ್ಲಿ ಯಾವುದು ಯಾವುದಕ್ಕೆ ಹೋಗಿದೆ ಅಂತ ಹುಡುಕಲು ಹೋಗಿ ಪಕ್ಕದವನ ಕೇಬಲ್ ಕಿತ್ತರೆ ಮತ್ತೆ ಸಾಲು ನಿಂತಿತು ಅಂತಲೇ ಅರ್ಥ. ಗಂಟನ್ನು ಪ್ಲಾಸ್ಟಿಕ್ ಟೈ ಹಾಕಿ ಉಸಿರು ಕಟ್ಟುವಂತೆ ಬಿಗಿದರೆ ಒಳಗಿನ ಜೋಡಿಗಳ ಹೊಸೆತ ಕೆಡುತ್ತೆ, ಅದು ನಿಜವಾದ ಪೆಟ್ಟು.

ಕೊನೆಗೆ ನಾನು ಹಿಡಿದುಕೊಂಡ ದಾರಿ ಹೀಗೆ. ಜೇಬಿನಲ್ಲಿ ಒಂದು ಹುರಿ. ಕೇಬಲ್ ಹೋಗುವ ದಾರಿಯಲ್ಲೇ ಹುರಿ ಹಾಯಿಸುವುದು. ಮೇಜಿನ ಕಾಲು ಇಳಿದು, ಗೋಡೆ ಹಿಡಿದು, ಮೂಲೆ ತಿರುಗಿ. ನೇರ ಗೆರೆ ನಂಬಬಾರದು. ನಮ್ಮ ಹಳೇ ಕಚೇರಿಗಳ ಗೋಡೆ ಎರಡು ಅಡಿ ದಪ್ಪ, ಅದನ್ನು ದಾಟುವುದೇ ಮುಕ್ಕಾಲು ಮೀಟರು ತಿನ್ನುತ್ತೆ. ಮೇಜು ಎಷ್ಟು ಸರಿಯಬಹುದು ಅಂತ ಅಲ್ಲಿ ಕೂರುವವರನ್ನೇ ಕೇಳಿ, ಅಷ್ಟು ಸೇರಿಸುವುದು. ಬಂದ ಅಳತೆಗಿಂತ ಮೇಲಿನ ಸಿದ್ಧ ಅಳತೆ ಕೊಳ್ಳುವುದು, ಒಂದು, ಎರಡು, ಮೂರು, ಐದು ಮೀಟರಿನಲ್ಲಿ ಸಿಗುತ್ತವೆ. ಮೇಜಿಗೆ ಸಾಮಾನ್ಯವಾಗಿ ಎರಡೋ ಮೂರೋ ಸಾಕಾಗುತ್ತಿತ್ತು. ರ‍್ಯಾಕಿನೊಳಗೆ ಮಾತ್ರ ಅರ್ಧ, ಒಂದು. ಅಲ್ಲಿ ಯಾರೂ ಕುರ್ಚಿ ಸರಿಸಲ್ಲ. ಪ್ಯಾಚ್ ಕೇಬಲ್ಲನ್ನು ನಾನೇ ಒತ್ತುವುದನ್ನು ಪೂರ್ತಿ ಬಿಟ್ಟೆ. ಗುತ್ತಿಗೆದಾರರು ದುಡ್ಡು ಜಾಸ್ತಿ ಅಂತ ಗೊಣಗಿದರು. ಬಸ್ಸಿನಲ್ಲಿ ವಾಪಸ್ಸು ಹೋಗಿ ರಿಪೇರಿ ಮಾಡುವ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿದ ಮೇಲೆ ಸುಮ್ಮನಾದರು.

ಆಮೇಲೆ ಕೆಸ್ವಾನ್ ಬಂದು ತಾಲ್ಲೂಕು ಕಚೇರಿಗಳು ಬೆಂಗಳೂರಿಗೆ ಕಟ್ಟಿಕೊಂಡವು. ಪಂಚಾಯಿತಿಗಳ ಕಡೆಗೂ ಫೈಬರ್ ಹೊರಟಿತು. ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಎದ್ದಿತು, 2018ರ ಮಾರ್ಚಿನಲ್ಲಿ ಉದ್ಘಾಟನೆ. ಜಮೀನು ರೈತರದ್ದೇ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಆ ಗುತ್ತಿಗೆಗೆ ಪಹಣಿ ಬೇಕೇ ಬೇಕು. ಅಷ್ಟು ದೊಡ್ಡ ಬಯಲಿನಲ್ಲಿ ತಾಮ್ರದ 100 ಮೀಟರ್ ಒಂದು ಮೂಲೆಗೂ ಸಾಲದು, ಫೈಬರೇ ಗತಿ. ಆದರೆ ಫೈಬರು ಎಷ್ಟು ಕಿಲೋಮೀಟರ್ ಓಡಿ ಬಂದರೂ ಕಟ್ಟಡದೊಳಗೆ ಕೊನೆಯ ಒಂದೆರಡು ಮೀಟರು ಬಹುಪಾಲು ಕಡೆ ಅದೇ ಪ್ಯಾಚ್ ಕೇಬಲ್ಲು.

ಈಗ ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು. ಮೊನ್ನೆ ನಮ್ಮ ಮನೆಯ ಜಮೀನಿನದ್ದೂ ಹಾಗೇ ನೋಡಿದೆ. ಅಟ್ಟದಲ್ಲಿ ಸಿಕ್ಕ ತುಂಡನ್ನು ಎಸೆಯಲು ಮನಸ್ಸು ಬರಲಿಲ್ಲ. ಅಮ್ಮ ಅದನ್ನು ನೋಡಿ, "ಇದ್ಯಾಕೋ ಇಟ್ಕಂಡಿದ್ದೀಯ, ಏನಕ್ಕೂ ಸಾಲಲ್ಲ," ಅಂದು, ಹಿತ್ತಿಲಲ್ಲಿ ಬಾಗಿದ್ದ ಕರಿಬೇವಿನ ಗಿಡವನ್ನು ಗೂಟಕ್ಕೆ ಕಟ್ಟಲು ತೆಗೆದುಕೊಂಡು ಹೋದರು. ಅಲ್ಲಿಗೆ ಅಳತೆ ಸರಿಯಾಗಿ ಕೂತಿತು.